ಎಡಗೆನ್ನೆಯ ಬೊಟ್ಟು

ಬನ್ನಿಮಂಟಪದ ರಕ್ಷಿತಾ ಹಗ್ಗ ಕಂಡರೂ ಹಾವೆಂದು ಬೆಚ್ಚುವವರ ಪೈಕಿ. ಗ್ಯಾಸ್ ಆರಿಸಿ ಹೊರಟವಳು ಗೇಟಿನಿಂದ ವಾಪಸು ಹೋಗಿ ಮತ್ತೆ ನೋಡಿ ಬರುತ್ತಾಳೆ, ಹಾಕಿದ ಬೀಗ ಜಗ್ಗಿ ನೋಡುತ್ತಾಳೆ. ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರದ ಅಂಗಡಿ ಇಟ್ಟುಕೊಂಡಿರುವ ಅವಳ ತಂದೆ ವೃಷಭೇಂದ್ರಪ್ಪನವರು, "ನಮ್ ಹುಡುಗಿ ಕೈ ಮುಗಿದಿದ್ದು ದೇವ್ರಿಗೆ ಕಾಣ್ತೋ ಇಲ್ವೋ ಅಂತ ಇನ್ನೊಂದ್ಸಲ ಮುಗೀತಾಳೆ ಕಣ್ರೀ" ಎಂದು ಗಿರಾಕಿಗಳ ಮುಂದೆ ನಗುತ್ತಾರೆ. ಸಾಫ್ಟ್‌ವೇರ್ ಆರಿಸುವ ಕೆಲಸ ಇಂಥವಳ ತಲೆಗೇ ಬಂದು ಕಟ್ಟಿಕೊಂಡಿತು.

ಅವಳು ಇರುವುದು ಎಳೆಮಕ್ಕಳ ತಲೆಯ ಆಕಾರ ನೋಡುವ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಒಂದೇ ಮಗ್ಗುಲಿಗೆ ಮಲಗಿ ಮಲಗಿ ಕೆಲವು ಕೂಸುಗಳ ತಲೆ ಹಿಂಬದಿಯಲ್ಲಿ ಒಂದು ಕಡೆ ಚಪ್ಪಟೆಯಾಗುತ್ತದೆ. ರಕ್ಷಿತಾ ಸ್ಕ್ಯಾನರ್ ಹಿಡಿದು ತಲೆಯನ್ನೂ ಮುಖವನ್ನೂ ಸುತ್ತಲೂ ತೆಗೆದು, ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕಾರ ಮಾಡಿ, ಕಿವಿ, ಮೂಗಿನ ಬುಡಗಳಿಗೆ ಗುರುತಿಟ್ಟು, ಸೊಟ್ಟ ಎಷ್ಟೆಂದು ಅಳೆಯುತ್ತಾಳೆ. ಅವಳು ಕಳಿಸಿದ ಆಕಾರದ ಮೇಲೆ ಬೆಂಗಳೂರಿನಲ್ಲಿ ಗಟ್ಟಿ ಹೆಲ್ಮೆಟ್ ತಯಾರಾಗುತ್ತದೆ. ತಾಯಂದಿರು ಅದನ್ನು ಕುಲಾವಿ ಎನ್ನುತ್ತಾರೆ. ಅದು ಉಬ್ಬಿದ ಕಡೆ ತಡೆದು ಹಿಡಿದು, ಚಪ್ಪಟೆಯಾದ ಕಡೆ ಬೆಳೆಯಲು ಜಾಗ ಬಿಡಬೇಕು.

ಹಳೆಯ ಸಾಫ್ಟ್‌ವೇರ್ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿಕೊಂಡಾಗ ಡಾಕ್ಟರು ಸಿದ್ದಲಿಂಗಸ್ವಾಮಿ, "ನೀವೇ ಒಂದು ನೋಡಿ ಆರಿಸ್ಬುಡಿ ರಕ್ಷಿತಾ, ನಂಗೆ ಅದ್ರ ತಲೆಬುಡ ಗೊತ್ತಾಗಲ್ಲ" ಎಂದರು. ಅವಳ ನಿದ್ದೆ ಹಾರಿತು. ಒಂದರ ಬೆಲೆ ಕೇಳಿದರೆ ಎದೆ ಒಡೆಯಬೇಕು. ಇನ್ನೊಂದಕ್ಕೆ ಸಾಲು ಸಾಲು ಕೋಡ್ ಬರೆಯಬೇಕು, ಒಂದು ಚುಕ್ಕಿ ತಪ್ಪಿದರೂ ಎಲ್ಲ ಕೆಟ್ಟಿತು. ಮೂರನೆಯದು ಸಂಶೋಧಕರು ಬಳಸುವಂಥದ್ದು, ಪುಕ್ಕಟೆ. ಗುಂಡಿ ಒತ್ತಿದರೆ ತಲೆಗೆ ಕೆಂಪು, ನೀಲಿ ಬಣ್ಣ ತುಂಬಿ ತೋರಿಸುತ್ತಿತ್ತು. ಹಳೆಯ ಮಕ್ಕಳ ಸ್ಕ್ಯಾನುಗಳನ್ನೆಲ್ಲ ಅದಕ್ಕೆ ಉಣಿಸಿ ನೋಡಿದಳು. ಅಳತೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಹಾಗಿದ್ದರೂ ಹೆದರಿ ಮತ್ತೊಮ್ಮೆ ನೋಡಿ, ಕೊನೆಗೆ ಅದನ್ನೇ ಆರಿಸಿದಳು. ಪಾಪ, ಸೊಟ್ಟ ಎಷ್ಟೆಂದು ಅಷ್ಟು ಸಲ ನೋಡಿದವಳು ಯಾವ ಕಡೆಗೆಂದು ಒಮ್ಮೆಯೂ ನೋಡಲಿಲ್ಲ.

ಕ್ಲಿನಿಕ್ಕಿನಲ್ಲಿ ಅವಳದೇ ಒಂದು ಕಟ್ಟುನಿಟ್ಟಿತ್ತು. ಕೂಸಿನ ಕೆನ್ನೆಯ ದೃಷ್ಟಿಬೊಟ್ಟನ್ನು ಒರೆಸಿಯೇ ಸ್ಕ್ಯಾನ್ ಮಾಡಬೇಕು. ಕಾಡಿಗೆಯ ಕಪ್ಪು ಸ್ಕ್ಯಾನರಿನ ಬೆಳಕನ್ನು ನುಂಗಿಬಿಡುತ್ತದೆ, ಆಕಾರದಲ್ಲಿ ಅಲ್ಲೊಂದು ತೂತು ಉಳಿಯುತ್ತದೆ. ಹತ್ತಿಯಲ್ಲಿ ಎಣ್ಣೆ ಅದ್ದಿ ಅವಳೇ ಒರೆಸುತ್ತಿದ್ದಳು. ತಾಯಂದಿರು ಮುಖ ಸಣ್ಣದು ಮಾಡಿಕೊಂಡರೂ ಸುಮ್ಮನಿರುತ್ತಿದ್ದರು. ಸುಮ್ಮನಿರದೆ ಹೋದವಳು ಬೋರಮ್ಮ. ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತುಬಿಟ್ಟಳು.

"ಒರುಸ್ಬೇಡ ಕಣವ್ವ. ನಿನ್ ಮಿಸಿನ್ನಿಗೂ ಕಣ್ಣೈತಲ್ಲ, ಅದ್ರ ದೃಷ್ಟಿ ತಾಕಾಕಿಲ್ವ?"

"ಅಜ್ಜಿ, ಅದು ಬರೀ ಲೈಟು."

"ಏನಾರ ಆಗ್ಲಿ. ಬೊಟ್ಟಿಟ್ಕೊಂಡೇ ಪೋಟ ತೆಗಿ, ಇಲ್ದಿದ್ರೆ ನಾವ್ ಓಯ್ತೀವಿ."

ಹೊರಗೆ ಜನ ಕಾಯುತ್ತಿದ್ದರು. ರಕ್ಷಿತಾ ಬೊಟ್ಟಿನ ಸಮೇತವೇ ಸ್ಕ್ಯಾನ್ ಮಾಡಿ ಕಳಿಸಿದಳು.

ಮಧ್ಯಾಹ್ನ ಆ ಆಕಾರವನ್ನು ತೆರೆದಾಗ ಕೆನ್ನೆಯಲ್ಲಿ ತೂತು ಇತ್ತು. ಬಲಗೆನ್ನೆಯಲ್ಲಿ. ಬೋರಮ್ಮ ಬೊಟ್ಟಿಟ್ಟಿದ್ದು ಎಡಗೆನ್ನೆಗೆ. ರಕ್ಷಿತಾ ಸ್ಕ್ಯಾನರಿನಿಂದ ಬಂದ ಮೂಲವನ್ನು ತೆರೆದಳು, ಅದರಲ್ಲಿ ತೂತು ಎಡಕ್ಕೇ ಇತ್ತು. ಸೆಟ್ಟಿಂಗುಗಳನ್ನು ಕೆದಕಿದಾಗ ಕಂಡಿತು. ಮಕ್ಕಳನ್ನೆಲ್ಲ ಒಟ್ಟಿಗೆ ಹೋಲಿಸಲು ಅನುಕೂಲವಾಗಲೆಂದು ಆ ಸಾಫ್ಟ್‌ವೇರ್ ಎಡಕ್ಕೆ ಚಪ್ಪಟೆಯಾದ ತಲೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಲ್ಲವನ್ನೂ ಬಲಕ್ಕೇ ಮಾಡಿಡುತ್ತಿತ್ತು. ಸಂಶೋಧಕರಿಗೆ ಅದು ಉಪಕಾರ. ಕುಲಾವಿ ಮಾಡುವವರಿಗೆ ವಿಷ.

ಹೊಸ ಸಾಫ್ಟ್‌ವೇರಿನಿಂದ ಆಗಲೇ ಮೂವರು ಮಕ್ಕಳ ಆಕಾರ ಬೆಂಗಳೂರಿಗೆ ಹೋಗಿ ಕುಲಾವಿಗಳೂ ಬಂದಿದ್ದವು. ಅವರ ಮೂಲ ಸ್ಕ್ಯಾನುಗಳನ್ನು ಒಂದೊಂದಾಗಿ ತೆರೆದಳು. ಮೊದಲ ಎರಡು ಬಲಕ್ಕೇ ಇದ್ದವು. ಮೂರನೆಯದು ಲಷ್ಕರ್ ಮೊಹಲ್ಲಾದ ಅನುವಿನ ಮಗು ವಾಗೀಶನದು. ಎಡಕ್ಕೆ ಚಪ್ಪಟೆ. ಅವನ ಕುಲಾವಿ ಚಪ್ಪಟೆಯಾದ ಕಡೆಯನ್ನೇ ಒತ್ತುತ್ತಿತ್ತು. ಸೊಟ್ಟ ಸ್ವಲ್ಪವೇ ಇದ್ದದ್ದರಿಂದ ತೊಡಿಸಿದ ದಿನ ಯಾರಿಗೂ ಅನುಮಾನ ಬರಲಿಲ್ಲ. ಸ್ಕ್ಯಾನ್ ಮಾಡಿದ ದಿನ ಬೊಟ್ಟು ಇದ್ದಿದ್ದರೆ ಕಡೆ ತಿರುಗಿದ್ದು ಅವತ್ತೇ ಕಾಣುತ್ತಿತ್ತು. ಅದನ್ನು ಒರೆಸಿದ್ದು ಅವಳದೇ ಕೈ.

ಯಾರಿಗೂ ಹೇಳದೆ ಸೆಟ್ಟಿಂಗ್ ಬದಲಿಸಿ, ಹೊಸ ಅಳತೆಯ ನೆಪ ಹೇಳಿ ಆ ಕುಲಾವಿಯನ್ನು ವಾಪಸು ತರಿಸಿಕೊಳ್ಳಬಹುದು ಎಂಬ ಯೋಚನೆ ಬಂತು. ಬಂದಿತೆಂದು ಅವಳಿಗೇ ತನ್ನ ಮೇಲೆ ಹೆದರಿಕೆಯಾಯಿತು. ಎದ್ದು ಡಾಕ್ಟರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಸೊಟ್ಟ ಎಷ್ಟು ಅಂತ ಅಷ್ಟೇ ನೋಡಿ ಸೈನ್ ಹಾಕ್ದೆ, ಯಾವ ಕಡೆ ಅಂತ ನೋಡ್ಲಿಲ್ಲ" ಎಂದರು. ಆಮೇಲೆ, "ಮೊದ್ಲು ಆ ತಾಯಿಗೆ ಫೋನ್ ಮಾಡಿ. ಇವತ್ತೇ ಕರ್ಕೊಂಡು ಬರಕ್ಕೆ ಹೇಳಿ" ಎಂದರು.

ಫೋನ್ ಎತ್ತಿದ ಅನುವಿನ ದನಿಗಿಂತ ಮೊದಲು ಕೂಸಿನ ಅಳು ಕೇಳಿಸಿತು.

"ಮೇಡಂ, ನಾನೇ ಮಾಡ್ಬೇಕು ಅಂತಿದ್ದೆ. ಹಾಕಿದಾಗಿಂದ ಒಂದೇ ಸಮ ಅಳ್ತಾನೆ. ನಮ್ಮತ್ತೆ ಬಿಚ್ಬುಡು ಅಂತ ದಿನಾ ಜಗಳ. ಅತ್ರೂ ಬಿಚ್ಬೇಡಿ ಅಂತ ನೀವು ಹೇಳಿದ್ರಲ್ಲ, ಅದಕ್ಕೇ ನಾನು ಯಾರ್ ಮಾತೂ ಕೇಳ್ಲಿಲ್ಲ."

"ಬಿಚ್ಚಿ ಅನು. ಈಗ್ಲೇ ಬಿಚ್ಚಿ. ತಪ್ಪಾಗಿದೆ. ನನ್ನಿಂದಲೇ ಆಗಿದ್ದು."

ಪಟ್ಟಿ ಪರ್ರೆಂದು ಕಿತ್ತ ಸದ್ದು ಬಂತು. ಬಿಕ್ಕುತ್ತ ಬಿಕ್ಕುತ್ತ ಅಳು ನಿಂತಿತು.

"ತಪ್ಪು ಅಂದ್ರೆ ಏನ್ ಮೇಡಂ? ನನ್ ಮಗುಗೆ ಏನಾಗಿದೆ?"

ರಕ್ಷಿತಾ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಲು ಶುರುಮಾಡಿದಳು.