ಕಾಕಾನ ರಂದಾ, ನನ್ನ ರಂದಾ

ನಮ್ಮ ಕಾಕಾನಷ್ಟು ದೈವಭಕ್ತ ಮೈಗಳ್ಳನನ್ನು ನಾನು ಬೈಲಹೊಂಗಲದಿಂದ ಸವದತ್ತಿಯವರೆಗೆ ಎಲ್ಲೂ ಕಂಡಿಲ್ಲ. ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಊರ ಬಡಿಗನಾಗಿದ್ದ ನನ್ನ ಅಪ್ಪ ತೀರಿಕೊಂಡ. ಬಾಗಿಲ ಚೌಕಟ್ಟಿನಲ್ಲಿ ಹಲಗೆ ಕೂರಲು ತೋಡು ಕೊರೆಯುವ ಅವನ ರಂದಾ ಅವನ ತಮ್ಮನಾದ ಈ ಕಾಕಾನ ಪಾಲಿಗೆ ಹೋಯಿತು. ಅದನ್ನು ಹಿಡಿಯುವ ಕೈ ಇವನಿಗೆಲ್ಲಿತ್ತು? ಒಯ್ದು ದೇವರ ಜಗಲಿಯ ಮೇಲಿಟ್ಟ. ಸೋಮವಾರಕ್ಕೊಮ್ಮೆ ಎಣ್ಣೆ ಸವರಿ ವಿಭೂತಿ ಬಳಿದ. ಕೆಲಸ ಬಾರದವನಿಗೆ ಹತಾರವನ್ನು ದೇವರು ಮಾಡಿಬಿಡುವುದು ಬಹಳ ಅನುಕೂಲ.

ಅಪ್ಪ ಊರ ಗೌಡರ ವಾಡೆಯ ಎರಡು ಬಾಗಿಲುಗಳನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಹಲಗೆಗಳ ಅಂಚು ಕೀಸಿ ಮುಗಿಸಿದ್ದ, ಚೌಕಟ್ಟಿಗೆ ತೋಡು ಹೊಡೆಯುವುದಷ್ಟೇ ಬಾಕಿ. ಗೌಡರು ಒಂದು ಬಾಗಿಲು ಕಾಕಾನಿಗೆ, ಒಂದು ನನಗೆ ಕೊಟ್ಟರು. ಯಾರದು ಚೆನ್ನಾಗಿ ಆಗುತ್ತದೋ ಅವರೇ ಮುಂದೆ ಊರ ಬಡಿಗ, ಸುಗ್ಗಿಯಲ್ಲಿ ಕಣದಿಂದ ಬರುವ ಜೋಳದ ಪಾಲೂ ಅವರಿಗೇ. ನನ್ನ ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಸೋತರೆ ಊರು ಬಿಡಬೇಕಿತ್ತು.

ರಂದಾ ಕೇಳಲು ಹೋದೆ.

“ದೇವರಾಗೇತಿ ಅದು. ಜಗಲಿ ಮ್ಯಾಲಿಂದ ಇಳಸಾಕ ಬರೂದಿಲ್ಲ,” ಎಂದ ಕಾಕಾ. “ಬೇಕಂದ್ರ ಅಲ್ಲೇ ಅಳತಿ ತಗೊಂಡು ನಿಂದ ನೀ ಮಾಡ್ಕೊ.”

ರಂದಾದ ತಳದಲ್ಲಿ ಉದ್ದಕ್ಕೂ ಉಬ್ಬಿಕೊಂಡ ಪಟ್ಟಿಯ ದಪ್ಪವೇ ತೋಡಿನ ಅಗಲ. ಜೋಳದ ದಂಟಿನ ಸೀಳನ್ನು ಅದಕ್ಕೆ ಅಡ್ಡ ಹಿಡಿದು ಉಗುರಿನಿಂದ ಗುರುತು ಮಾಡಿಕೊಂಡೆ. ಕಾಕಾ ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ನೋಡುತ್ತಿದ್ದ.

ಒಣಗಿದ ಜಾಲಿಯ ಕೆಚ್ಚು ಆರಿಸಿ, ಕಾಲಲ್ಲಿ ಒತ್ತಿ ಹಿಡಿದು, ಎಂಟು ದಿನ ಕೂತು ನನ್ನ ರಂದಾ ಕೆತ್ತಿದೆ. ಅಲಗು ಕೂರುವ ಬಾಯಿ ಕೊರೆಯುವಾಗ ಉಳಿ ಎರಡು ಸಲ ಅಂಗೈಗೆ ಬಿತ್ತು. ಕಂಬಾರ ಕಬ್ಬಿಣ ಉಜ್ಜುವ ಸವೆದ ಕಾನಸನ್ನು ಕಾಯಿಸಿ ನನ್ನ ಅಳತೆಗೆ ಅಲಗು ಬಡಿದುಕೊಟ್ಟ. ಬೆಣೆ ಬಡಿದು ಚೌಕಟ್ಟಿನ ಮೇಲೆ ನೂಕಿದರೆ ತೋಡು ನೂಲು ಹಿಡಿದಂತೆ ಬಂತು. ನನ್ನಂಥವನು ಇನ್ನೊಬ್ಬನಿಲ್ಲ ಎಂದು ಬೀಗಿದೆ.

ಅಪ್ಪನ ಹಲಗೆ ಕೂರಿಸಿದೆ. ಅಗಲವಾದ ತೋಡಿನಲ್ಲಿ ಗಡಗಡ ಅಂತು.

ಆಮೇಲೆ ಬುದ್ಧಿ ಬಂತು. ವಾರವಾರವೂ ಬಳಿದ ಎಣ್ಣೆ ವಿಭೂತಿ ಪಟ್ಟಿಯ ಎರಡೂ ಮಗ್ಗುಲಿಗೆ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ನಾನು ಬಡಿಗನ ಮಗನಾಗಿ ಕಟ್ಟಿಗೆ ಬಿಟ್ಟು ಬೂದಿಯನ್ನು ಅಳೆದಿದ್ದೆ! ದೇವರ ಮೈ ಕೆರೆಯಬಾರದೆಂದು ಉಗುರು ಕೂಡ ತಾಗಿಸಿರಲಿಲ್ಲ. ಕಾಕಾನಿಗೆ ಅದು ಗೊತ್ತಿತ್ತು, ಆದರೂ ಸುಮ್ಮನೆ ಕೂತಿದ್ದ. ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ನನಗೇ ಬಂದ ಹೇಸಿಗೆ ದೊಡ್ಡದು.

ಹೊಸ ಚೌಕಟ್ಟು ಮಾಡಲು ಬೇರೆ ಸಾಗವಾನಿ ಇರಲಿಲ್ಲ. ಬಿದಿರು ಸೀಳಿ, ತೆಳ್ಳಗೆ ಕೀಸಿ, ಹಲಗೆಯ ಸುತ್ತ ಸಂದಿಗೆ ತುರುಕಿದೆ. ಬಿಳಿ ಬಿದಿರು ಕರಿ ಸಾಗವಾನಿಯಲ್ಲಿ ಎದ್ದು ಕಾಣುತ್ತಿತ್ತು.

ಗೌಡರು ಬಂದರು. ಕಾಕಾ ಬರೀ ಉಳಿಯಿಂದ ಕೊರೆದ ತೋಡಿನ ಅಂಚು ಇಲಿ ಕಡಿದ ಹಾಗಿತ್ತು, ಆದರೆ ಹಲಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಗೌಡರು ಅಲುಗಿಸಿ ನೋಡಿದರಲ್ಲವೇ ತಿಳಿಯುವುದು? ಅವರು ನನ್ನ ಬಾಗಿಲಿನ ಮುಂದೆ ನಿಂತು ಬಿದಿರಿನ ಮೇಲೆ ಬೆರಳಾಡಿಸಿದರು.

“ಹಲಗಿ ಸುತ್ತ ಬಿಳಿ ಗೆರಿ ಕೂಡ್ಸಿಯಲ್ಲೋ, ಭಾಳ ಚೆಂದ ಆಗೇತಿ. ನಿಮ್ಮಪ್ಪಗೂ ಇಂಥಾ ನಕ್ಷಿ ಬರತಿದ್ದಿಲ್ಲ.”

ಕಾಕಾನ ಕಡೆ ನೋಡಿದೆ. ಅವನು ಬಾಯಿ ಬಿಟ್ಟಿದ್ದರೆ ಅಳತೆ ತಪ್ಪುವುದನ್ನು ನೋಡುತ್ತ ಕೂತಿದ್ದನ್ನೂ ಹೇಳಬೇಕಾಗುತ್ತಿತ್ತು. ತಲೆ ತಗ್ಗಿಸಿ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಅದು ನಕ್ಷಿಯಲ್ಲ, ತೇಪೆ ಎಂದು ನಾನಾದರೂ ಹೇಳಬಹುದಿತ್ತು. ಹಿಂದೆ ನಿಂತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಹೌದ್ರಿ ಗೌಡ್ರ,” ಎಂದೆ. “ಅಪ್ಪಗ ಬರತಿದ್ದಿಲ್ರಿ.”