ಗುಂಡಿಯಮ್ಮನ ಡೆಲಿವರಿ ಬಸ್ಸಿನಲ್ಲಿ

ಬಸ್ಸು ರಸ್ತೆಯ ಗುಂಡಿಗೆ ಇಳಿದ ಹೊತ್ತಿಗೆ ಸರಿಯಾಗಿ ಗುಂಡಿಯಮ್ಮ ಕಂಡಕ್ಟರನ ಅಂಗಿಯ ತೋಳಿಗೆ ಗುಂಡಿ ಹಾಕುತ್ತಿದ್ದಳು. ಒಂದು ಗುಂಡಿಯ ತಪ್ಪಿಗೆ ಇನ್ನೊಂದು ದಾರಿ ತಪ್ಪಿತು; ಸೂಜಿ ಅವಳ ಸ್ವೆಟರಿನ ತೋಳನ್ನೂ ಸೇರಿಸಿಕೊಂಡು ಬಿಗಿಯಾಗಿ ಹೊಲಿದುಬಿಟ್ಟಿತು. ಗೊತ್ತಾಗಿದ್ದು ಅವನು ಟಿಕೆಟ್ ಕೊಡಲು ಎದ್ದಾಗ. ಕತ್ತರಿ ಸೀಟಿನಡಿ ಎಲ್ಲೋ ಉರುಳಿಹೋಗಿತ್ತು. ಸರಿ, ಅವನು ಟಿಕೆಟ್ ಹರಿಯುತ್ತ ಮುಂದೆ, ಇವಳು ಬಾಲದಂತೆ ಹಿಂದೆ.

"ಏನಪ್ಪಾ, ನಿಂಗೂ ಅಸಿಸ್ಟೆಂಟ್ ಕೊಟ್ಟಿದ್ದಾರಾ?" ಎಂದ ಡ್ರೈವರ್, ಕನ್ನಡಿಯಲ್ಲಿ ನೋಡುತ್ತ.

"ಅಸಿಸ್ಟೆಂಟಲ್ಲ ಅಣ್ಣ, ಅಂಟಿಕೊಂಡಿರೋ ಆಂಟಿ."

ಊರಂಚಿನ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಗುಂಡಿಯಮ್ಮನ ಹೊಲಿಗೆ ಮಿಷನ್ ಇತ್ತು. ಮಿಷನ್ನಿನ ಕೆಲಸವೆಲ್ಲ ಅಲ್ಲಿ. ಗುಂಡಿ, ಹುಕ್ಕು, ಅಂಚು ಮಡಚುವ ಕೈಹೊಲಿಗೆ ಮಾತ್ರ ಬಸ್ಸಿನಲ್ಲಿ, ಪೇಟೆಯ ಬಟ್ಟೆಯಂಗಡಿಗೆ ಆಲ್ಟರೇಶನ್ ಕೆಲಸಕ್ಕೆ ಹೋಗುವಾಗ. ಅಲ್ಲಿ ಕಿಟಕಿಯ ಬೆಳಕಿತ್ತು, ಮಾತಿಗೆ ಜನರಿದ್ದರು; ಎಲ್ಲಕ್ಕಿಂತ ಹೆಚ್ಚಾಗಿ, ಕುರ್ಚಿಯಲ್ಲಿ ಕೂತಲ್ಲಿಂದಲೇ ‘ಒಂದು ಲೋಟ ನೀರು ಕೊಡೇ’ ಎನ್ನುವ ಗಂಡ ಅಲ್ಲಿ ಇರಲಿಲ್ಲ.

ತೋಳು ಬಿಡಿಸುತ್ತಿದ್ದಾಗಲೇ ಕಂಡಕ್ಟರ್ ಸುದ್ದಿ ಹೇಳಿದ. ಸೀಟುಗಳು ಖಾಲಿ ಓಡುತ್ತಿವೆ. ತಿಂಗಳು ಮುಗಿಯುವುದರೊಳಗೆ ಜನ ತುಂಬದಿದ್ದರೆ ಡಿಪೋದವರು ಈ ಮಾರ್ಗಕ್ಕೇ ಕತ್ತರಿ ಹಾಕುತ್ತಾರೆ. ಕತ್ತರಿಯಿಂದಲೇ ಬದುಕಿದವಳಿಗೂ ಈ ಕತ್ತರಿ ಬೇಡವಾಗಿತ್ತು. ಆಟೋ ಹಿಡಿದರೆ ಸಂಬಳವೆಲ್ಲ ಆಟೋಗೆ. ಬಸ್ಸು ಹೋದರೆ ಅಂಗಡಿಯ ಕೆಲಸವೂ ಹೋದ ಹಾಗೆ. ಗಂಡ ಸ್ಕೂಟರಿನ ಸೀಟು ಒರೆಸಿ, ತಾನಿರುವಾಗ ಚಿಂತೆ ಏಕೆಂದು ಧೈರ್ಯ ಹೇಳಿದ. ಅವನು ಹೊರಡುವ ಹೊತ್ತಿಗೆ ಅಂಗಡಿಯವರು ಬಾಗಿಲು ಎಳೆಯುತ್ತಿರುತ್ತಾರೆಂದು ಅವಳಿಗೆ ಗೊತ್ತಿತ್ತು.

ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಕೇಳಿದಳು. ಬಸ್ಸು ಇರಲೇಬೇಕೆಂದು ಎಲ್ಲರೂ ಒಪ್ಪಿದರು. ಹತ್ತುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಎಲ್ಲರ ಬಾಗಿಲಲ್ಲೂ ಕಾರು, ಸ್ಕೂಟರು.

ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಗುಂಡಿಯಮ್ಮನಿಗೂ ಬಟ್ಟೆಯೇ ದಾರಿ ತೋರಿಸಿತು. ಮಾರನೆಯ ದಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದಳು: ‘ಇನ್ನು ಮುಂದೆ ಡೆಲಿವರಿ ಬಸ್ಸಿನಲ್ಲಿ ಮಾತ್ರ.’ ಪಕ್ಕದ ಮನೆಯ ನರ್ಸು ಓಡಿಬಂದು, ಯಾರಿಗೆ ದಿನ ತುಂಬಿದೆ ಎಂದು ವಿಚಾರಿಸಿದಳು.

ಮೊದಲು ಸಿಕ್ಕಿಬಿದ್ದವರು ಎದುರುಮನೆಯ ವಕೀಲರು. ಅವರ ಕರಿಕೋಟು ಇವಳ ಬಳಿ ಇತ್ತು.

"ಕೋಟು ರೆಡಿನಾ?"

"ರೆಡಿ ಸಾರ್. ಬಸ್ಸಲ್ಲಿ ಕೊಡ್ತೀನಿ, ಬನ್ನಿ."

"ಕೈಯಲ್ಲೇ ಇದೆಯಲ್ಲಮ್ಮ."

"ಒಂದು ಗುಂಡಿ ಬಾಕಿ ಇದೆ. ಅದನ್ನ ಬಸ್ಸಲ್ಲೇ ಹಾಕೋದು."

ವಕೀಲರು ಕಾರಿನಲ್ಲಿ ಬಸ್ಸಿನ ಬೆನ್ನು ಹತ್ತಿದರು, ಹಾರನ್ ಬಾರಿಸಿದರು, ಕೊನೆಗೆ ಮುಂದಿನ ಸ್ಟಾಪಿನಲ್ಲಿ ಕಾರು ಬಿಟ್ಟು ಉಬ್ಬಸಪಡುತ್ತ ಹತ್ತಿದರು. ಆ ದಿನ ಅವರು ಕಾರು ನಿಲ್ಲಿಸಲು ಜಾಗ ಹುಡುಕುತ್ತ ಗಾಣದೆತ್ತಿನಂತೆ ಕೋರ್ಟನ್ನು ಸುತ್ತಲಿಲ್ಲ. ಪೇಪರು ಪೂರ್ತಿ ಓದಿದರು, ಕೇಸಿನ ಕಾಗದ ತಿರುವಿದರು, ಸಣ್ಣದೊಂದು ನಿದ್ದೆಯನ್ನೂ ತೆಗೆದರು. ಮಾರನೆಯ ಬೆಳಿಗ್ಗೆ ಹೊಲಿಸುವುದು ಏನೂ ಇಲ್ಲದಿದ್ದರೂ ಸ್ಟಾಪಿನಲ್ಲಿ ನಿಂತಿದ್ದರು.

ಅವರ ಹಿಂದೆ ಯೂನಿಫಾರ್ಮಿಗೆ ಬಂದ ತಾಯಂದಿರು, ಪ್ಯಾಂಟಿಗೆ ಬಂದ ಗುಮಾಸ್ತರು. ಬಟ್ಟೆಗೆಂದು ಬಂದವರು ಬಸ್ಸಿಗೇ ಒಗ್ಗಿಹೋದರು. ಪೆಟ್ರೋಲ್ ಉಳಿಯಿತು, ಹಾರನ್ ಜಗಳ ನಿಂತಿತು, ವರ್ಷಗಟ್ಟಲೆ ಎದುರುಬದುರು ಇದ್ದವರು ಒಬ್ಬರನ್ನೊಬ್ಬರು ಮಾತಾಡಿಸಿದರು. ತಿಂಗಳ ಕೊನೆಗೆ ತಪಾಸಣೆಗೆ ಬಂದ ಅಧಿಕಾರಿ ಪೇಟೆಯವರೆಗೆ ಒಂಟಿಕಾಲಿನಲ್ಲಿ ನಿಂತು ಬಂದ. ಕತ್ತರಿಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಬಿದ್ದದ್ದಷ್ಟೇ ಅಲ್ಲ, ಮಾರ್ಗ ಆಚೆಯ ಹಳ್ಳಿಗಳವರೆಗೂ ಬೆಳೆಯಿತು. ಮೊಣಕಾಲು ನೋವಿನ ಅಜ್ಜನೊಬ್ಬ ಮಕ್ಕಳನ್ನು ಗೋಗರೆಯದೆ ಆಸ್ಪತ್ರೆಗೆ ಹೋಗಿಬಂದ. ದೂರವೆಂದು ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದ ಹುಡುಗಿಯರು ಈಗ ಕಿಟಕಿ ಸೀಟಿಗೆ ಜಗಳವಾಡುತ್ತಿದ್ದರು. ಹೊಸ ಬಸ್ಸೂ ಬಂತು, ಹೊಳೆಯುತ್ತ. ಡಿಪೋ ಮ್ಯಾನೇಜರ್ ರಿಬ್ಬನ್ ಕತ್ತರಿಸಲು ಗುಂಡಿಯಮ್ಮನನ್ನೇ ಕರೆದರು. ಇಡೀ ಬಡಾವಣೆ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದು ಗಂಡನೂ ಬಸ್ಸು ಹತ್ತಿದ.

ಪೇಟೆಯಲ್ಲಿ ಇಳಿದೊಡನೆ ಮ್ಯಾನೇಜರ್ ಮೈಕು ಹಿಡಿದು, "ಹಳೇ ಬಸ್ಸಿನ ಅರ್ಧ ಹೊತ್ತಲ್ಲೇ ತಲುಪಿದ್ವಿ. ಹೇಗನ್ನಿಸ್ತಿದೆ ಅಮ್ಮ?" ಎಂದರು. ಅವಳ ಕಣ್ಣು ತುಂಬಿಬರುವುದನ್ನು ನೋಡಲು ಜನ ಉಸಿರು ಬಿಗಿಹಿಡಿದರು.

ಗುಂಡಿಯಮ್ಮ ಕೈಯಲ್ಲಿದ್ದ ಅಂಗಿಯನ್ನು ಎತ್ತಿ ತೋರಿಸಿದಳು.

"ಒಂದು ತೋಳೂ ಮುಗಿದಿಲ್ಲ ನೋಡಿ ಸಾರ್. ನಂಗೆ ಆ ಹಳೇದೇ ಸಾಕಾಗಿತ್ತು."