ನಿಧಾನವಾಗುತ್ತಾ ಹೋದ ಹಾಡು

ಓಯ್ವ ಅಂದು ಕೈಗಡಿಯಾರ ಬಿಚ್ಚಿ ಕಣ್ಣೆದುರು ಇಟ್ಟುಕೊಳ್ಳಬಾರದಿತ್ತು. ಹೇಳುವುದಿದ್ದರೆ ವ್ಯಾನಿನ ಹಿಂದಕ್ಕೆ ಕರೆದು, ನಾಲ್ಕು ಬೈದು, ಹೇಳಬಹುದಿತ್ತು. ಹದಿನೈದು ವರ್ಷ ಒಂದೇ ತಂಡದಲ್ಲಿ ಬಾರಿಸಿದವರು, ಸೌನಾ ಎಂಬ ಬಿಸಿಯಾವಿಯ ಸ್ನಾನದ ಮನೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಬೆವರು ಸುರಿಸಿದವರು. ಅಷ್ಟು ಮಾಡದೆ, ಎಲ್ಲರ ಎದುರಿಗೆ, ಅದರಲ್ಲೂ ಅವಳ ಎದುರಿಗೆ, ಕಳ್ಳನನ್ನು ಹಿಡಿದವನ ಹಾಗೆ ಗಡಿಯಾರ ಎತ್ತಿ ತೋರಿಸಿದ. ವೇಯೊನಿಗೆ ಈ ಸಿಟ್ಟು ಇವತ್ತಿಗೂ ಇಳಿದಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತಾನೆ. ಆದರೆ ಗಡಿಯಾರದ ಮಾತು ಬಂತೋ, ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದುಬಿಡುತ್ತಾನೆ.

ವೇಯೊ ಉತ್ತರದ ಹಿಮದ ನಾಡಿನ ಸಾವೊ ಸೀಮೆಯವನು. ಚಳಿಗಾಲದಲ್ಲಿ ಪುರಸಭೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದ. ಬೇಸಿಗೆ ಬಂದರೆ ಸರೋವರದ ದಂಡೆಯ ಕುಣಿತದ ಮಂಟಪಗಳಲ್ಲಿ ಡ್ರಮ್ ಬಾರಿಸುತ್ತಿದ್ದ. ತಂಡದಲ್ಲಿ ನಾಲ್ಕೇ ಜನ. ಅಕಾರ್ಡಿಯನ್ ಹಿಡಿದ ಓಯ್ವ ಯಜಮಾನ. ಮಾತೇ ಆಡದ ಒಬ್ಬ ಬಾಸ್ ಗಿಟಾರಿನವನು. ಹಾಡುವವಳು ಇರ್ಮೆಲಿ, ವೇಯೊನ ಹೆಂಡತಿ. ಹಗಲು ಹೊತ್ತು ಆಕೆ ಸಹಕಾರಿ ಅಂಗಡಿಯಲ್ಲಿ ಮಾಂಸ ಕೊಯ್ದು ತೂಗುತ್ತಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಜಗಳವೂ ಇರಲಿಲ್ಲ ಎಂದು ವೇಯೊ ಹೇಳುತ್ತಾನೆ. ಜಗಳವಾಡಲು ಇಬ್ಬರು ಬೇಕು, ಅವನು ಒಬ್ಬನೇ ಕೂಗಾಡುತ್ತಿದ್ದ ಎಂದು ಊರವರು ಹೇಳುತ್ತಾರೆ.

ತೊಂಬತ್ತಮೂರನೆಯ ಇಸವಿ, ಏಪ್ರಿಲ್ ಕೊನೆಯ ಭಾನುವಾರ. ರಸ್ತೆಯ ಹಿಮ ಕರಗಿತ್ತು. ಸೈಕಲ್ಲಿನ ಚಕ್ರ ಮೆತ್ತಗಾಗಿದೆ, ಗಾಳಿ ಹೊಡೆದುಕೊಡು ಎಂದಳು ಇರ್ಮೆಲಿ. ವೇಯೊ ಕೊಟ್ಟಿಗೆಗೆ ಹೋಗಿ ಎರಡೂ ಚಕ್ರಕ್ಕೆ ಗಟ್ಟಿಯಾಗಿ ಗಾಳಿ ಹೊಡೆದು, ಸರಪಳಿಗೆ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ ತಂದು ನಿಲ್ಲಿಸಿದ. ಆಕೆ ಬೀಗದ ಕೈಯನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು, ಬೆನ್ನಿಗೆ ಚೀಲ ಹಾಕಿಕೊಂಡಳು, ಸೈಕಲ್ ಹತ್ತಿ ಹೋದಳು. ಸಂಜೆಯಾದರೂ ಬರಲಿಲ್ಲ. ಮಂಗಳವಾರ ಕೋರ್ಟಿನಿಂದ ವಿಚ್ಛೇದನದ ಅರ್ಜಿಯ ಕಾಗದ ಬಂತು.

ಅಲ್ಲಿಯ ಕಾನೂನು ಒಂದೇ ಏಟಿಗೆ ಬಿಡುಗಡೆ ಕೊಡುವುದಿಲ್ಲ. ಆರು ತಿಂಗಳು ಯೋಚನೆ ಮಾಡಿ, ಆಮೇಲೂ ಬೇಕೆನಿಸಿದರೆ ಇನ್ನೊಂದು ಅರ್ಜಿ ಹಾಕಿ ಎನ್ನುತ್ತದೆ. ಅಕ್ಟೋಬರ್ ಕೊನೆಯವರೆಗೆ ಅವಳು ತನ್ನ ಹೆಂಡತಿಯೇ. ವೇಯೊ ಈ ಆರು ತಿಂಗಳನ್ನು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡ. ಮಂಚದ ಮೇಲೆ ಮಲಗಲಾರದೆ ಸೌನಾದ ಮುಂದಿನ ಕೋಣೆಯಲ್ಲಿ ಟವೆಲ್ ಹಾಸಿಕೊಂಡು ಮಲಗುತ್ತಿದ್ದ. ಅವಳ ಕಾಫಿ ಲೋಟವನ್ನು ತೊಳೆಯದೆ ಹಾಗೇ ಇಟ್ಟ. ಅಂಗಡಿಗೆ ಹೋಗಿ, ಬೇಡದ ಮಾಂಸವನ್ನು ಅವಳ ಕೈಯಿಂದಲೇ ಕಟ್ಟಿಸಿಕೊಂಡು ಬರುತ್ತಿದ್ದ. ಎಷ್ಟು ಬೇಕು, ಇನ್ನೇನು ಬೇಕು ಎಂದಷ್ಟೇ ಕೇಳುತ್ತಿದ್ದಳು ಆಕೆ.

ತಂಡ ಬಿಡುವ ಹಾಗಿರಲಿಲ್ಲ. ಬೇಸಿಗೆಯ ಮಂಟಪಗಳೆಲ್ಲ ಚಳಿಗಾಲದಲ್ಲೇ ನಿಗದಿಯಾಗಿದ್ದವು, ನಾಲ್ವರ ಮುಖವಿರುವ ಪೋಸ್ಟರುಗಳೂ ಅಂಟಿದ್ದವು. ಮೇ ತಿಂಗಳ ಮೊದಲ ಶನಿವಾರ ಓಯ್ವ ಹೊಸ ಹಾಡೊಂದನ್ನು ತಂದ. ರಾಗ ಅವನದು, ಮಾತು ಇರ್ಮೆಲಿಯದು. ವೇಯೊ ಮೊದಲ ಸಲ ಕೇಳಿದ್ದು ಡ್ರಮ್ಮಿನ ಹಿಂದೆ ಕೂತೇ. ಬೀಗದ ಕೈ ಮೇಜಿನ ಮೇಲಿದೆ, ಬೀಗ ನಿನಗೇ ಇರಲಿ; ಚಕ್ರಕ್ಕೆ ಗಾಳಿ ಹೊಡೆದವನೂ ನೀನೇ, ನಿನಗೆ ವಂದನೆ; ಇಳಿಜಾರಿನಲ್ಲಿ ತುಳಿಯದೆ ಹೋಗುತ್ತಿದ್ದೇನೆ, ಎಷ್ಟು ಹಗುರ, ಎಷ್ಟು ಹಗುರ. ಕೊನೆಯ ಸಾಲು ಉದ್ದ. ಅದನ್ನು ಆಕೆ ಒಂದೇ ಉಸಿರಿನಲ್ಲಿ ಹಾಡಿ ಮುಗಿಸುತ್ತಿದ್ದಳು. ಚುರುಕು ಹಾಡು, ಸೈಕಲ್ ಓಡಿದ ಹಾಗೆ. ಜನ ಕುಣಿಯುತ್ತಲೇ ನಗುತ್ತಿದ್ದರು. ಗಾಳಿ ಹೊಡೆದವನ ಸಾಲಿಗೆ ಜೋರಾಗಿ ನಗುತ್ತಿದ್ದರು. ಅವನು ಹಿಂದೆ ಕೂತು ಅದಕ್ಕೆ ತಾಳ ಹಾಕಬೇಕು. ಕೊಂದು ಹಾಕಿದ್ದರೂ ವಾಸಿಯಿತ್ತು.

ಎರಡನೆಯ ವಾರವೇ ಜನ ಅದನ್ನು ಕೇಳಿ ಕೇಳಿ ಹಾಡಿಸತೊಡಗಿದರು. ಆ ವಾರ ಒಂದು ಸಂಜೆ ವೇಯೊನ ಕೈ ಸೋತಿತ್ತು. ತಾಳ ಕೂದಲೆಳೆಯಷ್ಟು ಹಿಂದೆ ಬಿತ್ತು. ಅಷ್ಟಕ್ಕೇ ಹಾಡಿನ ಮುಖ ಬದಲಾಯಿತು. ಎಷ್ಟು ಹಗುರ ಎಂಬ ಮಾತು ನಗುವಾಗಿ ಬರಲಿಲ್ಲ, ನಿಟ್ಟುಸಿರಾಗಿ ಬಂತು. ಇದು ಸಂತೋಷದ ಹಾಡಲ್ಲ, ಇವಳು ಸುಳ್ಳು ಹೇಳುತ್ತಿದ್ದಾಳೆ, ನಿಧಾನವಾಗಿ ಹಾಡಿದರೆ ನಿಜ ಹೊರಬರುತ್ತದೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ತಾನೇ ಹಾಡಿದ್ದು ತನ್ನ ಕಿವಿಗೇ ದುಃಖವಾಗಿ ಕೇಳಿದರೆ ಯಾವ ಹೆಂಗಸು ಮನೆಗೆ ಮರಳುವುದಿಲ್ಲ?

ಅಂದಿನಿಂದ ಬೇಕೆಂದೇ ಶುರು ಮಾಡಿದ. ಒಮ್ಮೆಲೇ ಅಲ್ಲ, ಒಂದು ಸಂಜೆಗೆ ಒಂದು ಕೂದಲೆಳೆ. ಮನೆಯಲ್ಲಿ ಒಬ್ಬನೇ ಕೂತು ಮೇಜಿನ ಮೇಲೆ ಎರಡು ಚಮಚದಿಂದ ಬಡಿದು ಕೈಗೆ ರೂಢಿ ಮಾಡಿಸಿಕೊಳ್ಳುತ್ತಿದ್ದ. ಸೈಕಲ್ ಓಟದ ಹಾಡು ಜೂನ್ ಮಧ್ಯದ ಹೊತ್ತಿಗೆ ನಡಿಗೆಯ ಹಾಡಾಯಿತು. ಜುಲೈ ಹೊತ್ತಿಗೆ ಜೋಡಿಗಳು ಕಾಲು ಎತ್ತುವುದನ್ನೇ ಬಿಟ್ಟು ಕೆನ್ನೆಗೆ ಕೆನ್ನೆ ಒತ್ತಿ ನಿಂತಲ್ಲೇ ತೂಗಾಡುತ್ತಿದ್ದವು. ಕುಯಿಕ್ಕಲಂಪಿ ಮಂಟಪದಲ್ಲಿ ಕಾಫಿ ಮಾರುವ ಲೆಂಪಿ ಅಜ್ಜಿ ಒಂದು ದಿನ ಅವನಿಗೆ ಲೋಟ ಕೊಡುತ್ತಾ, "ನಿಮ್ಮ ಹಾಡು ಶುರುವಾದ್ರೆ ನಾನು ಒಂದು ಪಾತ್ರೆ ಕಾಫಿ ಇಳಿಸಿ ಸೋಸಿ ಬರ್ತೀನಪ್ಪ, ಆಗ್ಲೂ ನಡೀತಾನೇ ಇರುತ್ತೆ. ಅವಳು ಬಿಟ್ಟು ಹೋಗ್ತಿದಾಳೋ, ಇಲ್ಲಾ ಹೊಸ್ತಿಲಲ್ಲಿ ಚಪ್ಪಲಿ ಹುಡುಕ್ತಿದಾಳೋ?" ಎಂದಳು. ಸುತ್ತ ಇದ್ದವರು ನಕ್ಕರು. ವೇಯೊನಿಗೆ ಸಿಟ್ಟು ಬರಲಿಲ್ಲ. ಹುಡುಕುತ್ತಿದ್ದಾಳೆ ಅಜ್ಜಿ, ಹುಡುಕುತ್ತಿದ್ದಾಳೆ ಎಂದುಕೊಂಡ.

ಗುರುತುಗಳೂ ಹಾಗೇ ಕಂಡವು. ಇರ್ಮೆಲಿ ಸೊರಗುತ್ತಿದ್ದಳು. ಕೊನೆಯ ಸಾಲನ್ನು ಒಂದೇ ಉಸಿರಿಗೆ ಮುಗಿಸಲಾರದೆ ಮಧ್ಯದಲ್ಲಿ ಕಡಿಯತೊಡಗಿದಳು. ಆಮೇಲೆ ಎರಡು ಕಡೆ ಕಡಿದಳು. ಬಿಡುವಿನಲ್ಲಿ ವ್ಯಾನಿನ ಮೆಟ್ಟಿಲ ಮೇಲೆ ಎದೆಗೆ ಅಂಗೈ ಒತ್ತಿ ಕೂರುತ್ತಿದ್ದಳು. ಯಾರಾದರೂ ಏನಾಯಿತು ಎಂದರೆ ಏನಿಲ್ಲ ಎನ್ನುತ್ತಿದ್ದಳು. ಮಾತು ಕಡಿಮೆಯಾಯಿತು. ಎರಡು ಮಂಗಳವಾರ ಅಂಗಡಿಗೆ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿ ಕುವೊಪಿಯೊ ಪಟ್ಟಣಕ್ಕೆ ಹೋಗಿಬಂದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ವೇಯೊ ಮಾತ್ರ ತನಗೆ ತಾನೇ ಹೇಳಿಕೊಂಡ: ಕೋರ್ಟಿಗೇ ಹೋಗಿರುತ್ತಾಳೆ, ಅರ್ಜಿ ವಾಪಸು ತೆಗೆದುಕೊಳ್ಳಲು. ಮನೆಗೆ ಬಂದವನೇ ಮಂಚಕ್ಕೆ ಹೊಸ ಹೊದಿಕೆ ಹಾಕಿದ, ಕಿಟಕಿಗಳನ್ನು ತೊಳೆದ. ದಿನಕ್ಕೆ ಮೂರು ಸಲ ಟಪಾಲು ಡಬ್ಬಿ ತೆರೆದು ನೋಡಿದ. ಕಾಗದ ಬರಲಿಲ್ಲ. ಬರದಿದ್ದಾಗ ಹೆದರಿಕೆ ಹತ್ತಿಕೊಂಡಿತು. ಆಗಸ್ಟ್ ಬಂದೇಬಿಟ್ಟಿತ್ತು. ಇನ್ನೂ ನಿಧಾನ ಮಾಡಬೇಕು, ಇನ್ನು ಸ್ವಲ್ಪದಲ್ಲೇ ಅವಳು ಮುರಿದು ಬೀಳುತ್ತಾಳೆ ಎಂದು ಹಲ್ಲು ಕಚ್ಚಿ ತಾಳವನ್ನು ಹಿಂದಕ್ಕೆ ಎಳೆದ.

ಆಗಸ್ಟ್ ಮಧ್ಯದ ಒಂದು ಸಂಜೆ ಕುಯಿಕ್ಕಲಂಪಿಯಲ್ಲಿ ಹಾಡಿನ ನಡುವೆಯೇ ಇರ್ಮೆಲಿಗೆ ದನಿ ಬಿದ್ದುಹೋಯಿತು. ಕೊನೆಯ ಸಾಲನ್ನು ಅಕಾರ್ಡಿಯನ್ನೇ ನುಡಿಸಿ ಮುಗಿಸಬೇಕಾಯಿತು. ವೇದಿಕೆಯ ಹಿಂದಿನ ಕೋಣೆಗೆ ಬಂದ ಕೂಡಲೇ ಓಯ್ವ ಗಡಿಯಾರ ಎತ್ತಿದ. ಹಾಡು ಶುರುವಾದಾಗಿನಿಂದ ಮುಳ್ಳಿನ ಮೇಲೆ ಕಣ್ಣಿಟ್ಟಿದ್ದನಂತೆ.

"ಮೇ ತಿಂಗಳಲ್ಲಿ ಮೂರು ನಿಮಿಷದ ಹಾಡು ಇದು. ಇವತ್ತು ನಾಲ್ಕು ನಿಮಿಷ ದಾಟಿ ಇಪ್ಪತ್ತು ಸೆಕೆಂಡು. ಅದೂ ಕೊನೆಯ ಸಾಲು ನಾನೇ ಬೇಗ ಮುಗಿಸಿದ ಮೇಲೆ. ಏನು ಮಾಡ್ತಿದೀಯ ವೇಯೊ, ಕೈಗೆ ಲಕ್ವ ಹೊಡೆದಿದೆಯಾ?"

ಬಾಸ್ ಗಿಟಾರಿನವನು ಇಡೀ ಬೇಸಿಗೆಯಲ್ಲಿ ಆಡಿದ ಒಂದೇ ಮಾತು ಅಂದು ಆಡಿದ. ತನಗೂ ಜೂನ್‌ನಿಂದ ಗೊತ್ತಿತ್ತು ಎಂದ.

ಇರ್ಮೆಲಿ ಕುರ್ಚಿಯಲ್ಲಿ ಕೂತಿದ್ದಳು. ಬೈಯುತ್ತಾಳೆ, ಏನಾದರೂ ತೆಗೆದು ಎಸೆಯುತ್ತಾಳೆ ಎಂದು ವೇಯೊ ಕಾದ. ಆಕೆ ಬಹಳ ಮೆಲ್ಲಗೆ ಕೇಳಿದಳು:

"ನಿಧಾನ ಮಾಡ್ತಿದ್ದದ್ದು ನೀನಾ? ದಿನಾ?"

ಅವನು ತಲೆಯಾಡಿಸಿದ.

"ಹಂಗಾದ್ರೆ ನನ್ನ ಎದೆಗೆ ಏನೂ ಆಗಿಲ್ಲ," ಎಂದಳು. ಓಯ್ವನ ಕಡೆ ತಿರುಗಿ ಇನ್ನೊಮ್ಮೆ, "ನನಗೆ ಏನೂ ಆಗಿಲ್ಲ ಓಯ್ವ," ಎಂದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದು ದುಃಖದ ಅಳುವಲ್ಲ, ಮುಳುಗುತ್ತಿದ್ದವಳು ದಡಕ್ಕೆ ಬಂದು ಬಿದ್ದು ಅಳುವ ಅಳು.

ವೇಯೊನಿಗೆ ಆಗ ತಿಳಿಯಿತು. ಅವಳ ಅಪ್ಪ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ಧೂಳು ಕುಡಿದು ಕುಡಿದು ಶ್ವಾಸಕೋಶ ಕಲ್ಲಾಗಿ, ಒಂದು ಮಾತಿಗೆ ಮೂರು ಉಸಿರು ತೆಗೆದುಕೊಂಡು ಸತ್ತವನು. ಅವನ ಬಟ್ಟೆ ಕೊಡವಿ ಒಗೆಯುತ್ತಿದ್ದವಳು ಚಿಕ್ಕ ಇರ್ಮೆಲಿ. ಇದು ವೇಯೊನಿಗೆ ಗೊತ್ತಿಲ್ಲದ್ದೇನಲ್ಲ, ಆ ಮುದುಕನ ಶವಪೆಟ್ಟಿಗೆಗೆ ಅವನೂ ಹೆಗಲು ಕೊಟ್ಟಿದ್ದ. ಅಳುವಿನ ನಡುವೆ ಆಕೆಯೇ ಹೇಳಿದಳು: ಆ ಎರಡು ಮಂಗಳವಾರ ಹೋಗಿದ್ದು ಎದೆಯ ಎಕ್ಸ್‌ರೇ ತೆಗೆಸಲು. ಏನೂ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪನಿಗೂ ಮೊದಲು ಹಾಗೇ ಹೇಳಿದ್ದರು ಎಂದು ಆಕೆ ನಂಬಿರಲಿಲ್ಲ. ಎರಡು ತಿಂಗಳು ಆಕೆ ಪ್ರತಿ ಸಂಜೆ ತನ್ನ ಸಾವನ್ನು ಅಳೆದು ನೋಡುತ್ತಿದ್ದಳು, ಉಸಿರು ಎಲ್ಲಿಯವರೆಗೆ ಬರುತ್ತದೆ ಎಂದು. ಅವನು ಹಿಂದೆ ಕೂತು ಅದನ್ನು ಪ್ರೀತಿ ಎಂದು ಓದುತ್ತಿದ್ದ. ಇಂಥ ತಲೆಗೆ ಏನು ಹೇಳುವುದು!

ಅವನಾಗಿಯೇ ಡ್ರಮ್ಮುಗಳನ್ನು ಬಿಚ್ಚಿ ಕಟ್ಟಿದ. ಮುಂದಿನ ವಾರ ಡ್ರಮ್ ಬಾರಿಸಲು ತಾಂಪೆರೆ ಪಟ್ಟಣದಿಂದ ಯಾರೋ ಹೊಸಬ ಬಂದ.

ವೇಯೊ ಎರಡು ವಾರ ಮನೆಬಿಟ್ಟು ಹೊರಗೆ ಬರಲಿಲ್ಲ. ಕ್ಷಮೆ ಕೇಳಬೇಕು ಎಂದು ಕಾಗದ ಬರೆಯಲು ಕೂತರೆ ಎರಡನೆಯ ಸಾಲಿಗೆ ಅದು ವಾಪಸು ಬಾ ಎಂಬ ಕಾಗದವಾಗುತ್ತಿತ್ತು. ಹರಿದು ಸೌನಾದ ಒಲೆಗೆ ಹಾಕುತ್ತಿದ್ದ. ಕೊನೆಗೆ, ಆಗಸ್ಟ್ ಕಡೆಯ ಭಾನುವಾರ, ಕುಯಿಕ್ಕಲಂಪಿಯಲ್ಲಿ ವರ್ಷದ ಕೊನೆಯ ಕುಣಿತ ಎಂದು ತಿಳಿದು, ಗಡ್ಡ ಹೆರೆದು, ಬಿಳಿ ಅಂಗಿ ತೊಟ್ಟು ಹೋದ. ಮಟಮಟ ಮಧ್ಯಾಹ್ನ. ಎಲ್ಲರಂತೆ ಟಿಕೆಟು ಹರಿಸಿ ಒಳಗೆ ಬಂದು, ಗಂಡಸರ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಅಂದು ಎರಡು ತಂಡಗಳಿದ್ದವು. ಮೊದಲಿಗೆ ಬೇರೆ ಊರಿನವರು ಟ್ಯಾಂಗೊ ನುಡಿಸುತ್ತಿದ್ದರು. ಇರ್ಮೆಲಿ ಹಸಿರು ಉಡುಪಿನಲ್ಲಿ ವೇದಿಕೆಯ ಪಕ್ಕ ನಿಂತು ಸಾಸೇಜು ತಿನ್ನುತ್ತಿದ್ದಳು. ಕೆನ್ನೆಗೆ ಬಣ್ಣ ಮರಳಿತ್ತು.

ಕಂಬದ ಮೇಲೆ ಕೆಂಪು ದೀಪ ಹತ್ತಿತು. ಅಂದರೆ ಹೆಂಗಸರ ಸರದಿ, ಕರೆಯುವ ಹಕ್ಕು ಅವರದು. ಕರೆದರೆ ಗಂಡಸು ಒಲ್ಲೆ ಎನ್ನುವ ಹಾಗಿಲ್ಲ. ಕರೆದ ಮೇಲೆ ಎರಡು ಹಾಡು ಒಟ್ಟಿಗೆ ಕುಣಿಯಬೇಕು, ಆಮೇಲೆ ಅವಳನ್ನು ಅವಳ ಜಾಗಕ್ಕೆ ಬಿಟ್ಟು ಬರಬೇಕು. ಒಂದೇ ಹಾಡಿಗೆ ಯಾರೂ ಬಿಡುವುದಿಲ್ಲ. ಇರ್ಮೆಲಿ ಕೈ ಒರೆಸಿಕೊಂಡು ಇಡೀ ಮಂಟಪವನ್ನು ಅಡ್ಡ ದಾಟಿ ಬಂದು ವೇಯೊನ ಎದುರು ತಲೆ ಬಾಗಿಸಿದಳು. ಸಾಲಿನಲ್ಲಿದ್ದವರು ಬೂಟು ನೋಡಿಕೊಂಡರು.

ಟ್ಯಾಂಗೊ ಶುರುವಾಯಿತು. ವೇಯೊ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ: ಮೊದಲನೆಯ ಹಾಡಿನಲ್ಲಿ ಸುಮ್ಮನೆ ಕುಣಿಯುವುದು, ಎರಡನೆಯದರಲ್ಲಿ ತಪ್ಪಾಯಿತು ಎಂದು ಹೇಳುವುದು. ಅಷ್ಟೇ ಹೇಳುವುದು, ಬಾ ಎಂದು ಕರೆಯಬಾರದು. ಅವಳ ಬೆನ್ನಿನ ಮೇಲಿದ್ದ ಅಂಗೈಗೆ ಅವಳ ಉಸಿರು ಒಂದೇ ಸಮನೆ ಏರಿ ಇಳಿಯುತ್ತಿದ್ದುದು ತಿಳಿಯುತ್ತಿತ್ತು.

"ಈಗ್ಲೂ ಹಿಂದೆ ಬೀಳ್ತಿದೀಯ," ಎಂದಳು ಆಕೆ.

"ರೂಢಿಯಾಗಿಬಿಟ್ಟಿದೆ."

"ಅಕ್ಟೋಬರಲ್ಲಿ ಅರ್ಜಿ ಹಾಕ್ತೀನಿ. ಟಪಾಲಲ್ಲಿ ನೋಡೋದು ಬೇಡ ಅಂತ ಹೇಳ್ತಿದೀನಿ."

ಅವನು ಎರಡು ಹೆಜ್ಜೆ ತಪ್ಪಿ ಮತ್ತೆ ಹಿಡಿದುಕೊಂಡ. ಆಮೇಲೆ ಕೇಳಿದ:

"ನಿಜವಾಗ್ಲೂ ಹಗುರಾಗಿದೆಯಾ?"

"ಹೌದು ವೇಯೊ. ನೀನು ನಂಬಲ್ಲ ಅಂತ ಗೊತ್ತಿತ್ತು. ಅದಕ್ಕೇ ಹಾಡಿದ್ದು."

ಟ್ಯಾಂಗೊ ಮುಗಿಯಿತು. ಜೋಡಿಗಳು ಕೈ ಬಿಡದೆ ಮುಂದಿನ ಹಾಡಿಗೆ ಕಾದು ನಿಂತವು. ವೇಯೊ ಬಾಯಿ ತೆರೆದ. ಅಷ್ಟರಲ್ಲಿ ಮೈಕಿನಲ್ಲಿ ಇರ್ಮೆಲಿಯ ಹೆಸರು ಕೂಗಿದರು. ತಂಡ ಬದಲಾಗುವ ಹೊತ್ತು. ಆಕೆ ಕೈ ಬಿಡಿಸಿಕೊಂಡಳು.

"ಇನ್ನೊಂದು ಬಾಕಿ," ಎಂದು ವೇದಿಕೆಯ ಕಡೆ ನಡೆದಳು.

ಹೊಸಬ ಅದೇ ಸೈಕಲ್ ಹಾಡಿಗೆ ಚುರುಕಾಗಿ ತಾಳ ಹಿಡಿದ. ಸುತ್ತ ಜನ ಕುಣಿಯುತ್ತಿದ್ದರು, ವೇಯೊನ ಭುಜಕ್ಕೆ ತಗಲಿ ಕ್ಷಮಿಸಿ ಎಂದು ಹೋಗುತ್ತಿದ್ದರು. ಅವನು ನಡು ಮಂಟಪದಲ್ಲಿ ಒಬ್ಬನೇ ನಿಂತು ಕೇಳಿದ. ಕೊನೆಯ ಸಾಲನ್ನು ಆಕೆ ಒಂದೇ ಉಸಿರಿನಲ್ಲಿ ಹಾಡಿದಳು. ಮುಗಿದ ಮೇಲೂ ಉಸಿರು ಉಳಿದಿತ್ತು, ನಕ್ಕಳು.

ಅಕ್ಟೋಬರಿನಲ್ಲಿ ಅರ್ಜಿ ಹಾಕಿದಳು. ಮರುವರ್ಷ ಸಮುದ್ರದ ಕಡೆಯ ಊರಿಗೆ ಹೋಗಿ ನೆಲೆಸಿದಳು. ವೇಯೊ ಪ್ರತಿ ಬೇಸಿಗೆ ಕುಯಿಕ್ಕಲಂಪಿಗೆ ಹೋಗುತ್ತಾನೆ. ಕೆಂಪು ದೀಪ ಹತ್ತಿದಾಗ ಯಾರಾದರೂ ಕರೆದರೆ ಎರಡು ಹಾಡು ಕುಣಿದು, ಜಾಗಕ್ಕೆ ಬಿಟ್ಟು ಬರುತ್ತಾನೆ. ಆಕೆ ಒಂದು ಸಲವೂ ಬರಲಿಲ್ಲ. ಆಕೆ ಕೊಡಬೇಕಾಗಿದ್ದ ಹಾಡೂ, ಆ ಹಾಡಿನಲ್ಲಿ ಅವನು ಹೇಳಬೇಕಾಗಿದ್ದ ಮಾತೂ ಹಾಗೇ ಉಳಿದಿವೆ.